ರನ್‌ವೇ ಬಾಜೂಕಿನ ಹುಲ್ಲು

ಹಸಿ ಹುಲ್ಲಿನ ವಾಸನೆ ಮೂಗಿಗೆ ಬಡಿದರೆ ನನಗೆ ಮೊದಲು ನೆನಪಾಗುವವನು ಖಾನಾಪುರದ ನನ್ನ ಸೋದರಮಾವ. ಹೆಂಚಿನ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ಅವನು ಅವ್ವನ ಎದುರು ಕೂತು ಅಂದಿದ್ದ: “ಅಕ್ಕಾ, ಹುಲ್ಲು ಕೊಯ್ಯಾಕಿ ಮಗಳು ಇಮಾನದ ಆಫೀಸಿನ್ಯಾಗ ಕುಂದರೂದು ಆಗೂ ಮಾತಲ್ಲ. ಸುಮ್ನ ಲಗ್ನಾ ಮಾಡು.” ನಾನಾಗ ಬಿ.ಎ. ಎರಡನೇ ವರ್ಷದಲ್ಲಿದ್ದೆ. ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವಳೇ ನಾನೊಬ್ಬಳು. ಇದನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ನೀವೂ ಸ್ವಲ್ಪ ಸಹಿಸಿಕೊಳ್ಳಬೇಕು.

ನಿನ್ನೆ ಮುಂಜಾನೆ ಬೆಳಗಾವಿಯ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತಿದ್ದಾಗ ಅದೇ ವಾಸನೆ ಬಂತು. ರನ್‌ವೇ ಬಾಜೂಕ್ಕೆ ಯಂತ್ರದಿಂದ ಹುಲ್ಲು ಕತ್ತರಿಸುತ್ತಿದ್ದರು. ನನ್ನ ಮುಂದೆ ಒಬ್ಬ ಪ್ರಯಾಣಿಕನೂ ಇರಲಿಲ್ಲ. ವಿಮಾನಗಳು ಒಂದೊಂದಾಗಿ ಕಡಿಮೆಯಾಗಿ, ನಿಲ್ದಾಣವನ್ನೇ ಮುಚ್ಚುತ್ತಾರೆ ಅನ್ನುವ ಮಾತು ಊರೊಳಗಿನ ಶಹಾಪುರದ ಚಹಾದಂಗಡಿಯವರೆಗೂ ಹೋಗಿದೆ. ಅದು ಇನ್ನೂ ಬರೀ ಮಾತು. ಆದರೆ ಟಿಕೆಟ್ ನೋಡಿ ಬ್ಯಾಗು ತೂಗುವ ನಮ್ಮ ಸಣ್ಣ ಕಂಪನಿಗೆ ನಿನ್ನೆಯೇ ಕಡೇ ದಿನ.

ನೀವು ಕಿಟಕಿ ಸೀಟಿನಲ್ಲಿ ಕೂತು ಮೋಡ ನೋಡಿದವರಿರಬೇಕು, ಹುಲ್ಲು ನೋಡಿರಲಿಕ್ಕಿಲ್ಲ. ಹುಲ್ಲು ಎತ್ತರ ಬೆಳೆದರೆ ಹುಳ ಬರುತ್ತವೆ, ಹುಳ ತಿನ್ನಲು ಹಕ್ಕಿ ಬರುತ್ತವೆ, ಹಕ್ಕಿ ವಿಮಾನಕ್ಕೆ ಬಡಿದರೆ ಕೆಲಸ ಕೆಟ್ಟಿತು. ಅದಕ್ಕೇ ಗುತ್ತಿಗೆಯವರು ಸುತ್ತಲಿನ ಊರ ಹೆಂಗಸರನ್ನು ಕರೆಯುತ್ತಿದ್ದರು. ನಮ್ಮವ್ವ ಅವರಲ್ಲೊಬ್ಬಳು. ವಿಮಾನ ಬರುವಾಗ ಸೀಟಿ ಊದಿದರೆ ಎಲ್ಲರೂ ಬೇಲಿಗೆ ಓಡಿ, ಕುಡುಗೋಲು ಮಡಿಲಲ್ಲಿಟ್ಟುಕೊಂಡು, ಧೂಳಿಗೆ ಬೆನ್ನು ಕೊಟ್ಟು ಕೂಡಬೇಕು. ಗಾಲಿ ನೆಲ ಮುಟ್ಟಿದ ಸಪ್ಪಳ ಕೇಳಿಯೇ ಅವ್ವ ತೀರ್ಪು ಕೊಡುತ್ತಿದ್ದಳು: “ಇವತ್ತಿನಾಂವ ಚೊಲೋ ಇಳಿಸಿದ. ನಿನ್ನಿಯಾಂವ ಜ್ವಾಳದ ಚೀಲಾ ಒಗದಂಗ ಒಗದಿದ್ದ.”

ನಾನು ಇಂಗ್ಲಿಷಿನಲ್ಲಿ ಒಮ್ಮೆ ನಪಾಸಾದೆ. ಮತ್ತೆ ಬರೆದೆ. ಪಾಸಾದೆ. ಮರುವರ್ಷ ಇದೇ ಕೌಂಟರಿಗೆ ಬಂದೆ. ಮೊದಲ ದಿನ ಮೈಕು ಹಿಡಿದು ನಾನು ಕೂಗಿದ ರೀತಿಗೆ ಮೈಕೇ ಬೇಕಾಗಿರಲಿಲ್ಲ ಎಂದು ಜೊತೆಯವರು ನಕ್ಕರು.

ಆ ತಿಂಗಳೇ ಮಾವ ಕುಂದಾದ ಡಬ್ಬಿ ಹಿಡಿದು ಬಂದ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಗೇಟಿನಿಂದ ಫೋನು ಹಚ್ಚಿದ: “ಏನವಾ, ಈ ಪೊಲೀಸಗ ಹೇಳು, ಸೋದರಮಾವ ಬಂದಾನಂತ. ಹೆಣ್ಣು ಕೊಟ್ಟ ಮನಿಯಾಂವ ಅನ್ನು, ಬಿಡ್ತಾನ.” ಬಿಡಲಿಲ್ಲ. ಮಾವ ಅಲ್ಲೇ ಡಬ್ಬಿ ಬಿಚ್ಚಿ, ಆ ಪೊಲೀಸನಿಗೂ ತಿನ್ನಿಸಿ, ತಾನೂ ತಿಂದು, ಬಸ್ಸು ಹತ್ತಿದ. ಲಗ್ನದ ಮಾತು ಮತ್ತೆ ಎತ್ತಲಿಲ್ಲ.

ಕೌಂಟರಿನ ಹಿಂದಿನ ಗಾಜಿನಲ್ಲಿ ಅವ್ವ ದೂರಕ್ಕೆ ಕಾಣುತ್ತಿದ್ದಳು, ಬಗ್ಗಿದ ಸಾಲಿನಲ್ಲಿ ಮೂರನೆಯವಳೋ ನಾಲ್ಕನೆಯವಳೋ ಆಗಿ. ಎಂದೂ ನನ್ನತ್ತ ಕೈ ಎತ್ತಲಿಲ್ಲ. ಕಂಪನಿಯ ಸಾಹೇಬರು ನನಗೆ ಬೈದಾರೆಂಬ ಅಂಜಿಕೆ ಅವಳಿಗೆ. ನಾನೂ ಎತ್ತಲಿಲ್ಲ. ಡ್ಯೂಟಿಯಲ್ಲಿದ್ದೇನೆ ಎಂದುಕೊಂಡೆ. ಖರೇ ಹೇಳಬೇಕೆಂದರೆ ಅಡ್ಡ ಬಂದದ್ದು ಡ್ಯೂಟಿಯಲ್ಲ, ಮೈಮೇಲಿನ ಕಂಪನಿ ಕೋಟು.

ಎರಡು ವರ್ಷದ ಹಿಂದೆ ಯಂತ್ರ ಬಂತು. ನಾಳೆಯಿಂದ ಬರಬೇಡಿರಿ ಎಂದು ಗುತ್ತಿಗೆಯವರು ಬೇಲಿಯ ಹತ್ತಿರ ನಿಂತೇ ಹೇಳಿದರಂತೆ. ಅವ್ವ ಮನೆಗೆ ಬಂದು ಎಮ್ಮೆಗೆ ನೀರು ಕುಡಿಸಿದಳು, ರೊಟ್ಟಿ ಬಡಿದಳು. ನಾನು ಉಂಡು ಮಲಗಿದೆ. ಅದೊಂದು ಸಂಗತಿ ಎಂದು ನನಗೆ ಅನಿಸಲೇ ಇಲ್ಲ.

ನಿನ್ನೆ ಸಂಜೆ ಗೇಟಿನ ಹೊರಗಿರುವ ನಮ್ಮ ಆಫೀಸಿಗೆ ಅವ್ವನೂ ಬಂದಳು. ಕಡೇ ದಿನ ಮಗಳು ಒಬ್ಬಳೇ ಅಳುತ್ತ ಬರಬಾರದೆಂದು. ಸಾಹೇಬರು ಎದ್ದು ನಿಂತು ನನ್ನ ಕೈಗೆ ಅನುಭವದ ಪ್ರಮಾಣಪತ್ರ ಕೊಟ್ಟರು. ನಮ್ಮ ಮನೆತನದ ಮೊದಲ ನೌಕರಿ ಒಂದು ಹಾಳೆಯಾಗಿ ಮುಗಿದಿತ್ತು.

“ಏನ ಬರದಾರವಾ ಅದರಾಗ?” ಅವ್ವ ಕೇಳಿದಳು.

“ಆರು ವರ್ಷ ಇಲ್ಲೆ ಚೊಲೋ ಕೆಲಸಾ ಮಾಡ್ಯಾಳ ಅಂತ ಬರದಾರ, ಅವ್ವಾ.”

ಅವ್ವ ಆ ಹಾಳೆ ಇಸಿದುಕೊಂಡು ಸಹಿಯ ಕೆಳಗೊತ್ತಿದ ಸಿಕ್ಕೆಯ ಮೇಲೆ ಹೆಬ್ಬೆರಳಾಡಿಸಿದಳು. ನನಗೆ ಮರಳಿ ಕೊಟ್ಟಳು. ಆಮೇಲೆ ಸೆರಗು ಸರಿಮಾಡಿಕೊಂಡು ಮೇಜಿನ ಹತ್ತಿರ ಹೋಗಿ ನಿಂತಳು.

“ಸಾಹೇಬ್ರ, ಇನ್ನೊಂದು ಹಾಳಿ ಇದ್ರ ನೋಡ್ರೀ. ನಾನೂ ಇಲ್ಲೇ ಇಪ್ಪತ್ತು ವರ್ಷ ಕೆಲಸಾ ಮಾಡೀನಿ.”