ತಾನಾಗಿ ಹತ್ತಿದ ಬೆಂಕಿ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಪಾಲಿಶಣ್ಣ ಎಂದೇ ಕರೆಯುತ್ತಿದ್ದರು. ಎಂಥ ಹಳೆಯ ಮೇಜು, ಕಪಾಟು ಕೊಟ್ಟರೂ ಅಗಸೆ ಎಣ್ಣೆ ಹಚ್ಚಿ, ಬಟ್ಟೆಯಿಂದ ತಿಕ್ಕಿ ತಿಕ್ಕಿ, ಮುಖ ಕಾಣುವಷ್ಟು ಹೊಳಪು ತರುತ್ತಿದ್ದ. ಮರದ ಕೆಲಸ ತಮ್ಮನದು. ಅಪ್ಪನ ಕಾಲದ ಅಂಗಡಿಯಲ್ಲಿ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ದುಡಿಯುತ್ತಿದ್ದರು. ತಮ್ಮನಿಗಿದ್ದದ್ದು ಒಂದೇ ಚಟ, ಬೀಡಿ. ಮರದ ಪುಡಿಯಲ್ಲಿ ಕೂತು ಸೇದಬೇಡವೆಂದು ಅಣ್ಣ ದಿನಾ ಗೊಣಗುತ್ತಿದ್ದ. ತಮ್ಮ ನಗುತ್ತ ಎದ್ದು ಹೊರಗಿನ ಕಟ್ಟೆಗೆ ಹೋಗುತ್ತಿದ್ದ.

ಒಂದು ಬೇಸಿಗೆಯ ಮಧ್ಯಾಹ್ನ ಇಬ್ಬರೂ ಬಾಗಿಲೆಳೆದುಕೊಂಡು ಊಟಕ್ಕೆ ಹೋಗಿದ್ದಾಗ ಅಂಗಡಿಗೆ ಬೆಂಕಿ ಬಿತ್ತು. ಓಡಿ ಬರುವಷ್ಟರಲ್ಲಿ ಅಪ್ಪನ ಉಳಿಗಳ ಹಿಡಿ ಕೂಡ ಉಳಿದಿರಲಿಲ್ಲ. ನೆರೆದವರೆದುರು ಅಣ್ಣ ತಮ್ಮನತ್ತ ತಿರುಗಿದ.

"ನಿನ್ನ ಬೀಡಿ ತಿಂದುಹಾಕ್ತು ನೋಡು, ಅಪ್ಪನ ಅಂಗಡೀನ."

ತಾನು ಒಳಗೆ ಸೇದಿಲ್ಲವೆಂದು ತಮ್ಮ ಒಂದೇ ಸಲ ಹೇಳಿದ. ಅಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲವೇ ದಿನಗಳಲ್ಲಿ ತಮ್ಮ ಬೇರೆ ಊರಿನ ಬಾಗಿಲು ಮಾಡುವ ಕಾರ್ಖಾನೆ ಸೇರಿಕೊಂಡ. ಆಮೇಲೆ ಮಾತಿಲ್ಲ, ಕತೆಯಿಲ್ಲ.

ವರ್ಷಗಳು ಕಳೆದವು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ಪಾಲಿಶಣ್ಣನ ಮಗಳು ಒಂದು ಸಂಜೆ ಪಾಠ ಮುಗಿಸಿ ಬಂದವಳೇ ಕೇಳಿದಳು.

"ಅಪ್ಪ, ಅಂಗಡಿ ಸುಟ್ಟ ದಿನ ಎಣ್ಣೆ ಒರೆಸಿದ ಬಟ್ಟೆ ಎಲ್ಲಿ ಹಾಕಿದ್ರಿ?"

"ಇನ್ನೆಲ್ಲಿ, ಮೂಲೇಲಿ ರಾಶಿ."

ಮಗಳು ಬಂದು ಅಪ್ಪನ ಪಕ್ಕ ಕೂತಳು. ಆಮೇಲೆ ಮೆಲ್ಲಗೆ ಬಿಡಿಸಿ ಹೇಳಿದಳು. ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯೊಂದಿಗೆ ಸೇರಿ ಗಟ್ಟಿಯಾಗುತ್ತದೆ. ಅದಕ್ಕೆ ಯಾರ ಒತ್ತಾಯವೂ ಬೇಡ, ತಾನಾಗಿ ನಡೆಯುವ ಕ್ರಿಯೆ. ಆಗ ಹುಟ್ಟುವ ಶಾಖ, ಬಟ್ಟೆ ಹರವಿದ್ದರೆ ಸುತ್ತಲ ಗಾಳಿಯಲ್ಲಿ ಚದುರಿಹೋಗುತ್ತದೆ. ರಾಶಿ ಹಾಕಿದರೆ ಒಳಗೇ ಉಳಿದು, ಏರಿ ಏರಿ, ಕಡ್ಡಿ ಗೀರದೆಯೇ ಬೆಂಕಿ ಹತ್ತುತ್ತದೆ. ಹಾಗೆ ಒಮ್ಮೆ ಸುಟ್ಟು ಚದುರಿದ್ದು ಎಷ್ಟು ದಿನ ಕಾದರೂ ತಾನಾಗಿ ಮತ್ತೆ ಒಂದುಗೂಡುವುದಿಲ್ಲ.

ಮರುದಿನ ಬೆಳಗಾಗುತ್ತಲೇ ಪಾಲಿಶಣ್ಣ ಬಸ್ಸು ಹಿಡಿದು ತಮ್ಮನ ಕಾರ್ಖಾನೆಗೆ ಹೋದ. ಗೇಟಿನ ಬಳಿ ನಿಂತು, ತಪ್ಪು ತನ್ನದೇ ಎಂದು ತೊದಲುತ್ತ ಎಲ್ಲವನ್ನೂ ಹೇಳಿ, ಮನೆಗೆ ಬಾ ಎಂದು ಬೇಡಿಕೊಂಡ. ತಲೆಯಲ್ಲಿ ಬಿಳಿಕೂದಲು ಇಣುಕುತ್ತಿದ್ದ ತಮ್ಮ ಅಂಗಿಯ ಮೇಲಿನ ಮರದ ಪುಡಿ ಕೊಡವಿಕೊಂಡ.

"ಬೆಂಕಿ ತಾನಾಗೇ ಹತ್ತಿರಬಹುದು, ಅಣ್ಣ. ಅವತ್ತು ಅಷ್ಟು ಜನರ ಮುಂದೆ ನೀನು ಆಡಿದ ಮಾತು ತಾನಾಗಿ ಬರಲಿಲ್ಲವಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಅಣ್ಣನಿಗೆ ಚಹಾ ಕುಡಿಸಿ, ಅವನು ಬಸ್ಸು ಹತ್ತುವ ತನಕ ಜೊತೆಗೇ ನಿಂತಿದ್ದ.

ಅಣ್ಣನ ಮಗಳ ಮದುವೆಗೆ ತಮ್ಮ ಬಂದ. ಬಡಿಸಲು ಎದ್ದು ಬರುತ್ತಾನೇನೋ ಎಂದು ಪಾಲಿಶಣ್ಣ ದಾರಿ ನೋಡಿದ. ಅವನು ಕೊನೆಯ ಸಾಲಿನಲ್ಲಿ ನೆಂಟನಂತೆ ಕೂತು ಉಂಡು, ಕೈ ಮುಗಿದು ಹೊರಟುಹೋದ.