ಹಿಂದಿನ ಸ್ಪೀಕರ್

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಹನೆ. ಕಾಶಿಗೆ ಬರುವ ನಮ್ಮ ಕಡೆಯ ಯಾತ್ರಿಕರಲ್ಲಿ ಅನೇಕರು ಒಂದಾದರೂ ಪವಾಡವನ್ನು ಗಂಟಿನಲ್ಲಿ ಕಟ್ಟಿಕೊಂಡೇ ಊರಿಗೆ ಮರಳುತ್ತಾರೆ. ದಶಾಶ್ವಮೇಧ ಘಾಟಿನಲ್ಲಿ ಯಾರೋ ಹೆಸರು ಹಿಡಿದು ಕರೆದರಂತೆ, ತಿರುಗಿ ನೋಡಿದರೆ ಯಾರೂ ಇರಲಿಲ್ಲವಂತೆ. ಆ ಘಾಟಿನಲ್ಲಿ ಯಾರೂ ಇಲ್ಲದ ಹೊತ್ತು ಯಾವುದು ಎಂದು ನಾನು ಕೇಳುತ್ತಿದ್ದೆ. ಅವರಿಗೆ ಸಿಟ್ಟು ಬರುತ್ತಿತ್ತು.

ನೆನಪಿನ ಬಗೆಗೂ ನನಗೆ ನಂಬಿಕೆ ಕಡಿಮೆ. ನಾನು ಸಸ್ಯಶಾಸ್ತ್ರ ಕಲಿಸಿದವಳು. ಎಲೆಯನ್ನು ಒತ್ತಿ ಒಣಗಿಸಿ ಕಾಗದಕ್ಕೆ ಅಂಟಿಸಿದರೆ ಬಣ್ಣ ಹೋಗುತ್ತದೆ, ಆಕಾರ ಮಾತ್ರ ಗಿಡದ ಮೇಲಿದ್ದಾಗಿನದಕ್ಕಿಂತ ಚೆಂದ ಕಾಣುತ್ತದೆ. ಹೇಳಿ ಹೇಳಿ ನೆನಪೂ ಹಾಗೆಯೇ ಆಗುತ್ತದೆ. ಇದನ್ನು ಮೊದಲ ಸಲ ಬರೆದಾಗ ಕಿಟಕಿಯ ಹೊರಗೆ ದಟ್ಟ ಮಂಜು ಹಾಕಿದ್ದೆ. ಮಂಜು ಇರಲಿಲ್ಲವೆಂದು ಗಂಡನೂ ಮಗಳೂ ಹೇಳಿದರು. ತೆಗೆದುಹಾಕಿದ್ದೇನೆ. ಚಳಿಗಾಲದ ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿದಿತ್ತು, ಒಳ್ಳೆಯ ಬಿಸಿಲಿತ್ತು, ಕೆಳಗೆ ರಸ್ತೆಯಲ್ಲಿ ಸೈಕಲ್ ರಿಕ್ಷಾಗಳ ಗಂಟೆ ಕೇಳುತ್ತಿತ್ತು. ಇಷ್ಟಕ್ಕೆ ಮೂವರೂ ಒಪ್ಪುತ್ತೇವೆ.

ಆಗ ನಾವು ಕಾಶಿಯ ಭೇಲೂಪುರದಲ್ಲಿ ಒಂದು ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ನನ್ನ ಗಂಡ ಶ್ರೀಧರ ಮೈಸೂರಿನವನು, ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪಾಠ ಹೇಳುತ್ತಿದ್ದ. ನಾನು ಧಾರವಾಡದವಳು. ಮಗಳು ಇಳಾ ಆಗಿನ್ನೂ ಒಂದನೆಯ ಇಯತ್ತೆ. ಮನೆಯಲ್ಲಿ ಎರಡು ಬಗೆಯ ಕನ್ನಡ, ಮೆಟ್ಟಿಲಿಳಿದರೆ ಹಿಂದಿ. ಅವಳು ಮೂರನ್ನೂ ಕಲಸಿ ತನ್ನದೇ ಒಂದು ಮಾತು ಮಾಡಿಕೊಂಡಿದ್ದಳು.

ಅವ್ವ ಆ ವರ್ಷ ನಮ್ಮ ಜೊತೆಗಿದ್ದಳು. ಮಳೆಗಾಲದಲ್ಲಿ ಪಾರ್ಶ್ವವಾಯು ಹೊಡೆದು ಅವಳ ಬಲಗೈ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಕುತ್ತಿಗೆಯನ್ನು ಕೂಡ ತಿರುಗಿಸುತ್ತಿರಲಿಲ್ಲ. ಎದುರಿಗೆ ಬಂದವರನ್ನಷ್ಟೇ ನೋಡುತ್ತಿದ್ದಳು. ನೋಡುತ್ತಿದ್ದಳೋ, ಕಣ್ಣು ಸುಮ್ಮನೆ ತೆರೆದಿರುತ್ತಿದ್ದವೋ, ನನಗೆ ತಿಳಿಯುತ್ತಿರಲಿಲ್ಲ. ಮಾತು ಬರುವುದಿದ್ದರೆ ಈ ಚಳಿಗಾಲ ಮುಗಿಯುವುದರೊಳಗೆ ಬರಬೇಕು, ಆಮೇಲೆ ಆಸೆ ಕಡಿಮೆ ಎಂದು ಡಾಕ್ಟರು ಹೇಳಿದ್ದರು. ಹಳೆಯ ಪರಿಚಯದ ದನಿಗಳನ್ನು ಕೇಳಿಸಿ, ಹಾಡಾದರೆ ಇನ್ನೂ ಒಳ್ಳೆಯದು ಎಂದೂ ಅಂದಿದ್ದರು.

ಹಾಡು ಅಂದ ಕೂಡಲೇ ನನಗೆ ನೆನಪಾದದ್ದು ನನ್ನ ಮದುವೆಯ ಕ್ಯಾಸೆಟ್ಟು. ನಮ್ಮ ಮನೆತನದಲ್ಲಿ ಮದುಮಗಳನ್ನು ಹಸೆಮಣೆಗೆ ಹಾಡಿ ಕರೆಯುತ್ತಾರೆ. ಒಂದೊಂದು ನುಡಿಯ ಕೊನೆಗೂ 'ಬಾ ಮಗಳೆ ಹಸೆಗೆ' ಎಂದು ಬರುತ್ತದೆ. ಕೊನೆಯ ನುಡಿಯಲ್ಲಿ ಮಾತ್ರ ಮಗಳೆ ಎನ್ನದೆ ಹೆಸರು ಹಿಡಿದು ಕರೆಯುತ್ತಾರೆ. ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ಇರುವುದರಿಂದ ತವರಿನ ಹೆಸರಿಗೆ ಅದೇ ಕೊನೆಯ ಕರೆ. ಅದನ್ನು ಕೇಳಿದ ಮೇಲೆಯೇ ಹುಡುಗಿ 'ಬಂದೆ' ಎಂದು ಏಳಬೇಕು. ಆ ನುಡಿಯನ್ನು ಕಟ್ಟಿದವಳು ಅವ್ವನ ತಾಯಿ. ಅದನ್ನು ಮನೆಯ ಮಗಳ ಹಸೆಗಲ್ಲದೆ ಸುಮ್ಮನೆ ಹಾಡುವಂತಿಲ್ಲ.

ಅವ್ವನಿಗೆ ಮಗಳು ನಾನೊಬ್ಬಳೇ. ನನ್ನ ಮದುವೆಯಲ್ಲಿ ಅವಳೇ ಹಾಡಿದಳು. ಕೂತು ಕೂತು ಕಾಲು ಜೋಮು ಹಿಡಿದಿದ್ದ ನಾನು ಕೊನೆಯ ನುಡಿಗೆ ಮೊದಲೇ ಎದ್ದು ಹೋಗಿ ಮಣೆಯ ಮೇಲೆ ಕೂತುಬಿಟ್ಟೆ. "ಇನ್ನೂ ಕರದೇ ಇಲ್ಲ, ಬಂದೇ ಬಿಟ್ಲು ನೋಡ್ರಿ" ಎಂದು ಅವ್ವ ನಕ್ಕಳು. ಹೆಂಗಸರೆಲ್ಲ ನಕ್ಕರು. ಹಾಡು ಅಲ್ಲಿಗೇ ನಿಂತಿತು. ಕ್ಯಾಸೆಟ್ಟಿನಲ್ಲಿರುವುದೂ ಅಷ್ಟೇ: ಹಾಡು, ಆ ಮಾತು, ನಗು, ಆಮೇಲೆ ಸುಯ್ಯೆನ್ನುವ ಖಾಲಿ ಟೇಪು. "ನಿನ್ನ ಹೆಸರು ಇನ್ನೂ ತವರಿನ್ಯಾಗ ಉಳದದ. ಅದಕ್ಕ ಗಂಡನ ಮನ್ಯಾಗ ಯಾರೂ ನಿನ್ನ ಮಾತು ಕೇಳಂಗಿಲ್ಲ" ಎಂದು ಅವ್ವ ಆಮೇಲೆ ವರ್ಷಗಟ್ಟಲೆ ಚೇಷ್ಟೆ ಮಾಡಿದಳು. ಅವಳ ಸ್ವಂತ ತವರಿನ ಹೆಸರು ತುಂಗಾ. ಹಾಗೆ ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಸಾವಿತ್ರಿಬಾಯಿ.

ಶ್ರೀಧರನಿಗೆ ಬಹಳ ದಿನದಿಂದ ಮನೆಯ ಕಂಪ್ಯೂಟರಿಗೆ ಸರೌಂಡ್ ಸೌಂಡ್ ಮಾಡಿಸುವ ಹುಚ್ಚಿತ್ತು. ನಮ್ಮದರಲ್ಲಿದ್ದದ್ದು ಎರಡೇ ಸ್ಪೀಕರಿಗೆ ಆಗುವ ಸಾದಾ ಸೌಂಡು. ಅದಕ್ಕೆ ಬೇರೆ ಸೌಂಡ್ ಕಾರ್ಡ್ ಬೇಕು, ಐದು ಸಣ್ಣ ಸ್ಪೀಕರ್ ಬೇಕು, ಗುಂಯ್ ಅನ್ನುವ ದಪ್ಪ ಪೆಟ್ಟಿಗೆಯೊಂದು ಬೇಕು. ಅಲ್ಲಿಯವರೆಗೆ ಬೇಡವೆನ್ನುತ್ತಿದ್ದ ನಾನೇ ಈಗ ನಡಿ ಎಂದೆ. ವಿಶ್ವವಿದ್ಯಾಲಯದ ಬಳಿಯ ಲಂಕಾ ಪೇಟೆಯ ಅಂಗಡಿಯವನು ಪೆಟ್ಟಿಗೆಯ ಧೂಳು ಒರೆಸುತ್ತ, "ಮೈಡಮ್ ಜೀ, ಗಾನಾ ಸುನಿಯೇಗಾ ನಹೀಂ, ಗಾನೇ ಕೇ ಅಂದರ್ ಬೈಠಿಯೇಗಾ" ಎಂದ. ಹಾಡು ಕೇಳುವುದಲ್ಲ, ಹಾಡಿನೊಳಗೇ ಕೂಡುವುದು. ನನಗೆ ಬೇಕಾದದ್ದೂ ಅದೇ. ಅವ್ವನನ್ನು ಅವಳ ಹಾಡಿನ ನಡುವೆ ಕೂಡಿಸಬೇಕು.

ದಾರಿಯಲ್ಲೇ ಶ್ರೀಧರ ತಣ್ಣೀರು ಎರಚಿದ.

"ನಿಮ್ಮಮ್ಮನ ಟೇಪು ಮೋನೋ ಕಣೆ. ಒಂದೇ ಮೈಕಲ್ಲಿ ಹಿಡಿದಿರೋದು. ಎಡಕ್ಕೂ ಬಲಕ್ಕೂ ಏನು ವ್ಯತ್ಯಾಸ ಇದೆ ಅಂತ ಹುಡುಕಿ, ಆ ವ್ಯತ್ಯಾಸನ ಈ ಕಾರ್ಡು ಹಿಂದಕ್ಕೆ ಕಳಿಸತ್ತೆ. ಇದರಲ್ಲಿ ವ್ಯತ್ಯಾಸವೇ ಇಲ್ಲ. ಹಿಂದಿನ ಸ್ಪೀಕರು ಸುಮ್ಮನೆ ಕೂತಿರತ್ತೆ ಅಷ್ಟೆ."

"ಕೂತಿರ್ಲಿ ಬಿಡು," ಎಂದೆ. "ನಮ್ಮವ್ವನೂ ಸುಮ್ನ ಕೂತಾಳ."

ಭಾನುವಾರ ಕಂಪ್ಯೂಟರಿನ ಡಬ್ಬ ಬಿಚ್ಚಿದೆವು. ಕಾರ್ಡನ್ನು ಅದರ ಸ್ಲಾಟಿನಲ್ಲಿ ಒತ್ತಿ ಸ್ಕ್ರೂ ಬಿಗಿದು, ಹಳೆಯ ಸೌಂಡನ್ನು ಸೆಟಿಂಗಿನಲ್ಲಿ ನಿಲ್ಲಿಸಿ, ಸಿ.ಡಿ. ಹಾಕಿ ಡ್ರೈವರ್ ಇಳಿಸಿದ್ದಾಯಿತು. ಶ್ರೀಧರ ವೈರುಗಳನ್ನು ವಿಂಗಡಿಸುತ್ತ ಇದು ಮುಂದಿನದು, ಇದು ಹಿಂದಿನದು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ.

"ಅಪ್ಪಾ, ಇದು ಹಿಂದೀ ಸ್ಪೀಕರ್ ಆದ್ರೆ ಕನ್ನಡದ್ದು ಯಾವುದು?" ಎಂದು ಇಳಾ ಕೇಳಿದಳು.

"ಮುಂದಿರೋದೆಲ್ಲ ಕನ್ನಡ, ಪುಟ್ಟಾ. ಹಿಂದಿರೋದು ಹಿಂದಿ," ಎಂದು ಅವನು ಗಂಭೀರವಾಗಿ ಹೇಳಿದ. ಅದೇ ಹೆಸರು ನಿಂತಿತು.

ಅವ್ವನ ಬೆತ್ತದ ಕುರ್ಚಿಯನ್ನು ಕೋಣೆಯ ನಡುವೆ ಕಂಪ್ಯೂಟರಿಗೆ ಎದುರಾಗಿ ಇಟ್ಟೆವು. ಹಿಂದಿನ ಎರಡು ಸ್ಪೀಕರುಗಳು ಅವಳ ಬೆನ್ನ ಹಿಂದಿದ್ದ ಕಬ್ಬಿಣದ ಬೀರುವಿನ ಮೇಲೆ. ಪರೀಕ್ಷೆಗೆಂದು ಕಾರ್ಡಿನಲ್ಲೇ ಇದ್ದ ಹೆಂಗಸಿನ ದನಿ ಒಂದೊಂದು ಮೂಲೆಯಿಂದಲೂ ಆ ಮೂಲೆಯ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿತು. ಎಲ್ಲವೂ ಸರಿಯಾಗಿತ್ತು. ಆಮೇಲೆ ಟೇಪ್ ರೆಕಾರ್ಡರನ್ನು ಕಾರ್ಡಿಗೆ ಜೋಡಿಸಿ, ಹಾಡು ನಡೆಯುತ್ತಿರುವಾಗಲೇ ಕಂಪ್ಯೂಟರಿನಲ್ಲಿ ದಾಖಲಾಗುವಂತೆಯೂ ಮಾಡಿದೆವು. ದಪ್ಪ ಪೆಟ್ಟಿಗೆಯ ಮೇಲೆ ಎಲ್ಲ ಸ್ಪೀಕರುಗಳಿಗೂ ಸೇರಿ ಒಂದೇ ಗುಂಡಿ. ಇಳಾ ಅದರ ಪಕ್ಕ ಕೂತಳು. ಅಜ್ಜಿಗೆ ತ್ರಾಸಾದರೆ ನಾನು ಬಂದ್ ಅಂತೀನಿ, ನೀನು ಒತ್ತಬೇಕು ಎಂದು ಅವಳಿಗೆ ಕೆಲಸ ಕೊಟ್ಟಿದ್ದೆ. ಬೀರುವಿನ ಮೇಲಿನ ಒಂದು ಸ್ಪೀಕರ್ ಜಾರುತ್ತಿತ್ತು. ಶ್ರೀಧರ ಸ್ಟೂಲು ಹತ್ತಿ ಅದನ್ನು ಕೈಯಿಂದ ಹಿಡಿದು ನಿಂತ. ನಾನು ಅವ್ವನ ಕಾಲ ಬಳಿ ನೆಲದ ಮೇಲೆ ಕೂತು, ಅವಳ ಮುಖ ನೋಡುತ್ತ, ಎಡಗೈ ಹಿಡಿದುಕೊಂಡೆ.

ಮುಂದಿನಿಂದ ಅವ್ವನ ಆಗಿನ ಕಾಲದ ದನಿ ಬಂತು. ಸ್ವಚ್ಛವಾಗಿತ್ತು, ಬಳೆಗಳ ಸಪ್ಪಳವೂ ಕೇಳುತ್ತಿತ್ತು. ಕುರ್ಚಿಯಲ್ಲಿದ್ದ ಅವ್ವ ಕದಲಲಿಲ್ಲ. ನುಡಿಯ ಮೇಲೆ ನುಡಿ ಮುಗಿದವು. ಇನ್ನೂ ಕರದೇ ಇಲ್ಲ ಎಂಬ ಮಾತು ಬಂತು, ನಗು ಬಂತು, ಖಾಲಿ ಟೇಪು ಸುಯ್ಯೆಂದಿತು. ನಾನು ತಲೆ ತಗ್ಗಿಸಿದೆ. ಮುಗಿಯಿತು, ಇನ್ನು ಇವಳು ಮಾತಾಡುವುದಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಖಂಡಿತ ನೆನಪಿದೆ.

ಆಗ ಹಿಂದಿನಿಂದ ಹಾಡು ಬಂತು.

ಆ ದನಿಯಲ್ಲಿ ಹೆದರಿಸುವಂಥದ್ದು ಏನೂ ಇರಲಿಲ್ಲ. ಕೆಲಸ ಮಾಡುತ್ತ ಹಾಡಿಕೊಳ್ಳುವವರು ನಡುವೆ ಉಸಿರು ತೆಗೆದುಕೊಳ್ಳುತ್ತಾರಲ್ಲ, ಹಾಗೆ. ಧಾಟಿ ಅದೇ, ಆದರೆ ನುಡಿ ನಾನು ಕೇಳಿದ್ದಲ್ಲ. ತಟಕ್ಕನೆ ಅವ್ವನ ತುಟಿ ನೋಡಿದೆ. ಮುಚ್ಚಿದ್ದವು. ತಲೆಯೆತ್ತಿ ಶ್ರೀಧರನನ್ನು ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ, ಸ್ಪೀಕರಿನೊಳಗಿನ, ಸದ್ದು ಬಂದರೆ ಅದುರುವ ಕಾಗದಕ್ಕೆ ತಗುಲಿದ್ದ ತನ್ನ ಬೆರಳನ್ನು ನೋಡುತ್ತಿದ್ದ.

"ಅಮ್ಮಾ," ಎಂದು ಇಳಾ ಮೆಲ್ಲಗೆ ಹೇಳಿದಳು, "ಹಿಂದೀ ಸ್ಪೀಕರಲ್ಲಿ ಕನ್ನಡ ಬರ್ತಿದೆ."

ನಾನು ಏಳಲಿಲ್ಲ. ಆ ಕೋಣೆಯಲ್ಲಿ ವರ್ಷಗಟ್ಟಲೆ ಇದ್ದೆನಲ್ಲ, ಅದಕ್ಕೊಂದು ಹಿಂಬದಿ ಇದೆಯೆಂದು ಅವತ್ತೇ ಗೊತ್ತಾದ ಹಾಗಿತ್ತು. ಬೀರು, ಅದರಾಚೆ ಗೋಡೆ, ಗೋಡೆಯಾಚೆ ಪಕ್ಕದವರ ಅಡುಗೆಮನೆ ಇರುವುದು ನನಗೆ ಗೊತ್ತು. ದನಿ ಮಾತ್ರ ಅದಕ್ಕಿಂತ ದೂರದಿಂದ, ದೊಡ್ಡದೊಂದು ಪಡಸಾಲೆಯ ಆ ತುದಿಯಿಂದ, ಯಾವ ಅವಸರವೂ ಇಲ್ಲದೆ ಬರುತ್ತಿತ್ತು. ಯಾರೋ ಬಹಳ ಕಾಲದಿಂದ ಕರೆಯುತ್ತಲೇ ಇದ್ದಾರೆ, ನಾವು ಈಗಷ್ಟೇ ಕಿವಿ ಜೋಡಿಸಿದ್ದೇವೆ ಅನ್ನಿಸಿತು. ಕಣ್ಣಲ್ಲಿ ನೀರಿರಲಿಲ್ಲ. ಉಸಿರಾಡಿದರೆ ಅಡ್ಡಿಯಾದೀತೆಂದು ಉಸಿರು ಬಿಗಿಹಿಡಿದಿದ್ದೆ. ಅವ್ವನ ದನಿಯಂತಿತ್ತು, ಅವ್ವನದಾಗಿರಲಿಲ್ಲ. ಅವ್ವನ ತಾಯಿ ನಾನು ಹುಟ್ಟುವ ಮೊದಲೇ ತೀರಿಕೊಂಡವಳು. ಅವಳ ದನಿ ಕೇಳಿಲ್ಲದ ನಾನು ಬೇರೇನನ್ನೂ ಹೇಳಲಾರೆ.

ಆ ನುಡಿಯ ಪದಗಳು ನನ್ನಲ್ಲಿ ಉಳಿದಿಲ್ಲ. ಹೊಸಿಲು ಇತ್ತು, ಬಿಂದಿಗೆ ಇತ್ತು ಎನ್ನಿಸುತ್ತದೆ. ಇಂಥ ಹಾಡುಗಳಲ್ಲಿ ಅವು ಇದ್ದೇ ಇರುತ್ತವೆ, ಆದ್ದರಿಂದ ನಾನೇ ತುಂಬಿಕೊಂಡಿರಬಹುದು. ಉಳಿದದ್ದು ಒಂದೇ. ದನಿ ಸ್ವಲ್ಪ ಏರಿ, ಬಾ ತುಂಗಾ, ಎಂದಿತು.

ಅವ್ವನ ಎಡಗೈ ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿಯಿತು. ಅವಳ ಬಾಯಿ ತೆರೆಯಿತು. "ಬಂದೆ" ಎಂದಳು.

ಕಟಕ್ ಎಂದು ಸದ್ದಾಯಿತು. ಹಸೆಗೆ ಎಂಬ ಪದ ಇನ್ನೂ ಬರಬೇಕಿತ್ತು, ಅಷ್ಟರಲ್ಲಿ ಹಾಡು ಕಡಿದುಹೋಯಿತು. ಇಳಾ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದಳು.

"ಅಜ್ಜಿ ಬಂದ್ ಅಂದ್ಲು," ಎಂದಳು. "ನಾನು ಬಂದ್ ಮಾಡ್ದೆ."

ಅಷ್ಟು ಹೊತ್ತಿಗೆ ಅವ್ವ ಕುತ್ತಿಗೆ ತಿರುಗಿಸತೊಡಗಿದ್ದಳು. ತುಸುತುಸುವೇ, ನೋವಾಗುವವರಂತೆ, ಎಡಕ್ಕೆ, ಇನ್ನಷ್ಟು ಎಡಕ್ಕೆ. ಬೀರುವಿನ ಮೇಲ್ಭಾಗ ಕಣ್ಣಿಗೆ ಬಿದ್ದಾಗ ನಿಲ್ಲಿಸಿದಳು. ಅಲ್ಲಿ ಸ್ಟೂಲಿನ ಮೇಲೆ ನಿಂತಿದ್ದ ಅಳಿಯನನ್ನು ಅವಳು ನೋಡಲಿಲ್ಲ. ಅವನನ್ನು ದಾಟಿ ನೋಡಿದಳು. ಬಹಳ ಹೊತ್ತು ನೋಡಿದಳು.

ಆಮೇಲೆ ನಾವು ಮಾಡದ ಪರೀಕ್ಷೆ ಇಲ್ಲ. ಟೇಪನ್ನು ಮತ್ತೆ ಹಾಕಿದರೆ ನಗುವಿನ ನಂತರ ಏನೂ ಇಲ್ಲ, ಹಿಂದಿನ ಸ್ಪೀಕರುಗಳು ಶ್ರೀಧರ ಹೇಳಿದಂತೆ ಸುಮ್ಮನೆ ಕೂತಿದ್ದವು. ಕಂಪ್ಯೂಟರಿನಲ್ಲಿ ದಾಖಲಾದದ್ದರಲ್ಲೂ ಪರದೆಯ ಮೇಲೆ ನಗುವಿನ ಸದ್ದಿನ ಗುಡ್ಡಗಳ ನಂತರ ಒಂದು ಸಪಾಟು ಗೆರೆ ಮಾತ್ರ. ಉದ್ದನೆಯ ವೈರು ಆಂಟೆನಾದಂತೆ ಯಾವುದೋ ರೇಡಿಯೋ ಹಿಡಿದಿರಬೇಕೆಂದು ಶ್ರೀಧರ ಸ್ವಲ್ಪ ದಿನ ವಾದಿಸಿದ. "ಹಾಡಲ್ಲಿ ಕೇಳಿದ್ದು ಗಂಗಾ ಅಂತ ಕಣೆ, ತುಂಗಾ ಅಲ್ಲ. ಈ ಊರಲ್ಲಿ ಗಂಗಾ ಅನ್ನದ ಸ್ಟೇಷನ್ ಯಾವುದಿದೆ?" ಎಂದ. ಹೌದು, ಆದರೆ ಧಾರವಾಡದ ಧಾಟಿಯಲ್ಲಿ ಗಂಗೆಯನ್ನು ಹಸೆಗೆ ಕರೆಯುವ ಸ್ಟೇಷನ್ ಕಾಶಿಯಲ್ಲಿ ಯಾವುದು ಎಂದು ಕೇಳಿದೆ. ಅವನೇ ನಕ್ಕುಬಿಟ್ಟ. ಆ ಬೆರಳಿನ ಬಗ್ಗೆ ಕೇಳಿದರೆ ಮಾತ್ರ ಇವತ್ತಿಗೂ ನಗುವುದಿಲ್ಲ. "ಕಾಗದ ನಡುಗ್ತಾ ಇತ್ತು. ಅಷ್ಟನ್ನ ಮಾತ್ರ ನಾನು ಹೇಳಬಲ್ಲೆ," ಎನ್ನುತ್ತಾನೆ.

ಇಳಾ ಈಗ ನನಗಿಂತ ಎತ್ತರ. ಅಜ್ಜಿ ಅಂದದ್ದು ಬಂದ್ ಎಂದೇ ಅವಳ ಪಟ್ಟು. ಅದು ಅಸಾಧ್ಯವೇನಲ್ಲ, ನಮ್ಮ ಧಾರವಾಡದಲ್ಲೂ ಪಂಖಾ ಬಂದ್ ಮಾಡು, ದೀಪ ಬಂದ್ ಮಾಡು ಎನ್ನುತ್ತೇವೆ. ಹಾಗಿದ್ದರೆ ಗದ್ದಲ ಸಾಕಾಗಿ ಅವ್ವ ಮಾತಾಡಿದಳು, ಡಾಕ್ಟರ ಉಪಾಯ ಫಲಿಸಿತು, ಅಷ್ಟೆ. ಆದರೆ ನಾನು ಕೇಳಿದ್ದು ಬಂದೆ. ಕನ್ನಡದಲ್ಲಿ ಯಾರಾದರೂ ಕರೆದರೆ ಕೂತಲ್ಲಿಂದ ಏಳುವ ಮೊದಲೇ, ಬಂದು ಮುಟ್ಟಿದವರ ಹಾಗೆ, ಬಂದೆ ಅನ್ನುತ್ತೇವೆ. ಹೊರಡಲು ಒಪ್ಪಿದ್ದೇ ಬಂದ ಹಾಗೆ. ಅವ್ವ ಎಲ್ಲಿಗೆ ಒಪ್ಪಿದ್ದಳು? ಆ ಸಾಲು ಪೂರಾ ಆಗಿದ್ದರೆ ಏನಾಗುತ್ತಿತ್ತು? ಅದನ್ನು ಮೊದಲ ಸಲ ನಾನು ಕಾಲು ಜೋಮು ಹಿಡಿದದ್ದಕ್ಕೆ ನಿಲ್ಲಿಸಿದೆ, ಎರಡನೆಯ ಸಲ ನನ್ನ ಮಗಳು ಕನ್ನಡವನ್ನು ಹಿಂದಿಯಾಗಿ ಕೇಳಿಸಿಕೊಂಡು ನಿಲ್ಲಿಸಿದಳು. ತಪ್ಪಾಗಿ ಕೇಳಿಸಿಕೊಂಡ ಆ ಕಿವಿಗೆ ಕೈ ಮುಗಿಯಬೇಕೋ ಬೈಯಬೇಕೋ, ತೀರ್ಮಾನಕ್ಕೆ ಬರಲು ನನ್ನಿಂದ ಆಗಿಲ್ಲ.

ಅವ್ವ ಆಮೇಲೂ ಕೆಲವು ವರ್ಷ ನಮ್ಮೊಂದಿಗೇ ಇದ್ದಳು. ಮಾತು ಪೂರ್ತಿ ಮರಳಲಿಲ್ಲ. ನೀರು, ಸಾಕು, ಇಳಾ, ಛಳಿ, ಇಂಥವು ಬಂದವು. ಹಾಡು ಬರಲಿಲ್ಲ. ಒಂದು ಸಂಜೆ ಅವಳ ತಲೆ ಬಾಚುತ್ತ, ಬೇರೆ ಯಾರೂ ಇಲ್ಲದ್ದು ನೋಡಿ, ಅಷ್ಟು ದಿನ ತಡೆದಿದ್ದನ್ನು ಕೇಳಿಬಿಟ್ಟೆ.

"ಅವ್ವಾ, ಅವತ್ತ ನೀ ಬಂದೆ ಅಂದ್ಯೋ, ಬಂದ್ ಅಂದ್ಯೋ?"

ಅವಳು ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿದಳು. ಮುಖದ ಒಂದು ಬದಿ ನಕ್ಕಿತು.

"ಹೂಂ," ಅಂದಳು.