ಕ್ರಿಸಾಂತೊ ಅವರ ಮೂಗು

ಲುಸೆನಾ ಪಟ್ಟಣದ ಪ್ರಯೋಗಾಲಯಕ್ಕೆ ಡೀಸೆಲ್ ಮಾಡಲೆಂದು ಬರುವ ಕೊಬ್ಬರಿ ಎಣ್ಣೆ ಯಾವುದೇ ಇರಲಿ, ಪರೀಕ್ಷೆಯ ಯಂತ್ರಕ್ಕೆ ಹೋಗುವ ಮೊದಲು ಅದು ಎಲ್ಲರೂ ಗೌರವದಿಂದ ‘ಮಾಂಗ್’ ಅನ್ನುವ ಹಿರಿಯ ಕೆಲಸಗಾರ ಕ್ರಿಸಾಂತೊ ಅವರ ಮೂಗಿಗೆ ಹೋಗಲೇಬೇಕು. ಬಾಟಲಿಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ‘ಇದು ಮೌಬನ್ ಊರಿಂದು. ಕೊಬ್ಬರೀನ ಚಿಪ್ಪಿನ ಹೊಗೇಲಿ ಒಣಗಿಸಿದಾರೆ, ಅದೂ ಮಳೆಗಾಲದಲ್ಲಿ’ ಅನ್ನುತ್ತಾರೆ. ಯಂತ್ರ ಮುಕ್ಕಾಲು ಗಂಟೆ ಗುಂಯ್‌ಗುಟ್ಟಿ, ಲಾರಿಕ್ ಆಮ್ಲ ಇಷ್ಟು, ಒಲೀಕ್ ಆಮ್ಲ ಇಷ್ಟು ಎಂದು ಕಾಗದ ಉಗುಳಿದರೆ, ‘ಪಾಪ, ಇದಕ್ಕೆ ಊರು ಗೊತ್ತಾಗಲ್ಲ’ ಎಂದು ಅದರ ಬೆನ್ನು ತಟ್ಟುತ್ತಾರೆ. ಮೂಗು ಕೆಟ್ಟೀತೆಂದು ಮಧ್ಯಾಹ್ನದ ಒಣಮೀನನ್ನು ಕಿಟಕಿಯಿಂದ ತಲೆ ಹೊರಹಾಕಿ ತಿನ್ನುತ್ತಾರೆ. ಅವರ ಮೇಜಿನ ಖಾನೆಯಲ್ಲಿ ಚೀಟಿಯಿಲ್ಲದ ಬಾಟಲಿಯೊಂದಿದೆ. ಚಂಡಮಾರುತ ಅವರ ಊರಿನ ತೆಂಗನ್ನೆಲ್ಲ ಮಲಗಿಸುವ ಮುಂಚೆ ಅವರಕ್ಕ ಒಣಗಿಸಿದ ಕೊನೆಯ ಕೊಬ್ಬರಿಯ ಎಣ್ಣೆ ಅದು. ‘ಇದನ್ನೂ ಒಂದ್ಸಲ ಯಂತ್ರಕ್ಕೆ ಹಾಕೋಣ, ಒಂದು ಹನಿ ಸಾಕು’ ಎಂದು ಜೊತೆಗೆ ಕೆಲಸ ಮಾಡುವ ಲಿಗಾಯಾ ಕೇಳಿದರೆ, ‘ಒಂದು ಹನಿ ಅಂದ್ರೆ ಒಂದು ಮರ ಕಣಮ್ಮ’ ಎಂದು ಖಾನೆ ಮುಚ್ಚುತ್ತಾರೆ. ಶನಿವಾರ ಮಾತ್ರ ತಾವೇ ತೆಗೆದು ಮೂಸಿ, ‘ಹಾಂ, ಇನ್ನೂ ಇದೆ’ ಅನ್ನುತ್ತಾರೆ. ಕಳೆದ ಶನಿವಾರ ಬಹಳ ಹೊತ್ತು ಮೂಸಿದರು. ಮುಚ್ಚಳ ಹಾಕದೆ ಬಾಟಲಿಯನ್ನು ಲಿಗಾಯಾಳತ್ತ ಚಾಚಿದರು. ‘ಯಾವೂರಿಂದು, ಹೇಳು.’ ಅವಳ ಮೂಗಿಗೆ ಯಾವ ವಾಸನೆಯೂ ಹತ್ತಲಿಲ್ಲ. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿ, ‘ನಿಮ್ಮೂರಿನದ್ದೇ’ ಎಂದಳು.